ಹೊನ್ನಾವರಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಕರ್ಣ ಮುಗಿಸಿ ಮುರ್ಡೇಶ್ವರದತ್ತ ಹೊರಟ ಹೆಚ್ಚಿನ ಪ್ರವಾಸಿಗರು ಹೊನ್ನಾವರವನ್ನು ನೋಡುವುದು ಶರಾವತಿ ಸೇತುವೆ ದಾಟುವಷ್ಟು ಹೊತ್ತು ಮಾತ್ರ. ಎಡಗಡೆ ತೆಂಗಿನ ತೋಟಗಳ ನಡುವೆ ಹರಡಿಕೊಂಡ ನದಿ, ಬಲಗಡೆ ಅಳಿವೆ, ಅದರಾಚೆ ಕಡಲು. ಮೊಬೈಲ್ ತೆಗೆದು ಚಿತ್ರ ಹಿಡಿಯುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಈ ಊರಿಗೆ ಇಷ್ಟೇ ಹೊತ್ತು ಕೊಟ್ಟು ಹೋಗಿಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದ್ದರಿಂದ ಇಲ್ಲಿಗೆ ಬರಬೇಕೆಂದಿರುವವರು ಕೇಳುವ ಪ್ರಶ್ನೆಗಳಿಗೆ ತಿಳಿದ ಮಟ್ಟಿಗೆ ವಿವರವಾಗಿ ಉತ್ತರಿಸಿದ್ದೇನೆ.

ಹೊನ್ನಾವರಕ್ಕೆ ಅರ್ಧ ದಿನ ಸಾಕೇ?

ಸಾಲದು. ಎರಡು ರಾತ್ರಿ ಇಟ್ಟುಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮುರ್ಡೇಶ್ವರದ ಶಿವನ ಪ್ರತಿಮೆಯಂತೆ ದೂರದಿಂದಲೇ ಕಾಣುವ ಒಂದು ದೊಡ್ಡ ಆಕರ್ಷಣೆ ಇಲ್ಲಿ ಇಲ್ಲ. ಇಲ್ಲಿನ ಸೊಗಸೆಲ್ಲ ನದಿಯಿಂದ ಬಂದದ್ದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಗೇರುಸೊಪ್ಪದಲ್ಲಿ ಘಟ್ಟ ಇಳಿದು ಮುಗಿಸಿದ ಶರಾವತಿ ಇಲ್ಲಿ ಕಡಲು ಸೇರುತ್ತದೆ. ಊರಿನ ಹಳೆಯ ವ್ಯಾಪಾರ, ಯುದ್ಧ, ಮೀನುಗಾರಿಕೆ, ದೇವಸ್ಥಾನ, ತೋಟ ಎಲ್ಲವೂ ಈ ನೀರಿನ ದಾರಿಯಲ್ಲೇ ಇವೆ. ನದಿಯ ಜೊತೆ ಒಂದು ಬೆಳಿಗ್ಗೆ, ಒಂದು ಸಂಜೆ ಕಳೆಯದೆ ಹೊನ್ನಾವರ ನೋಡಿದಂತಾಗುವುದಿಲ್ಲ.

ಬರುವುದು ಹೇಗೆ?

ರಾಷ್ಟ್ರೀಯ ಹೆದ್ದಾರಿ 66 ಊರಿನ ಮೂಲಕವೇ ಹಾದುಹೋಗುತ್ತದೆ. ಶಿವಮೊಗ್ಗ, ಸಾಗರದ ಕಡೆಯಿಂದ ಗೇರುಸೊಪ್ಪ ಘಟ್ಟ ಇಳಿದು ಬರುವ ಹೆದ್ದಾರಿ 69 ಇಲ್ಲೇ ಅದನ್ನು ಸೇರುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ. ಕುಮಟಾ, ಭಟ್ಕಳ, ಕಾರವಾರಗಳಿಗೆ ದಿನವಿಡೀ ಸಾರಿಗೆ ಸಂಸ್ಥೆಯ ಬಸ್ಸುಗಳು ಓಡಾಡುತ್ತವೆ. ಕುಮಟಾ ಸುಮಾರು 20 ಕಿಲೋಮೀಟರ್, ಭಟ್ಕಳ 40, ಕಾರವಾರ 90.

ರೈಲಿನಲ್ಲಿ ಬರುವುದೇ ನನಗೆ ಇಷ್ಟ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಗಾಗುವಾಗ ಕರಾವಳಿ ತಲುಪಿರುತ್ತೀರಿ. ದಕ್ಷಿಣದಿಂದ ಬರುವವರು ಮುರ್ಡೇಶ್ವರ ದಾಟಿದ ಮೇಲೆ ಬಾಗಿಲ ಬಳಿಯಲ್ಲದೆ ಕಿಟಕಿಯ ಬಳಿ ಕುಳಿತಿರಿ. ಶರಾವತಿಯ ಮೇಲಿನ ರೈಲು ಸೇತುವೆ 2 ಕಿಲೋಮೀಟರಿಗೂ ಉದ್ದವಾಗಿದ್ದು, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ನಿಲ್ದಾಣ ಪೇಟೆಯಿಂದ ಸ್ವಲ್ಪ ದೂರದಲ್ಲಿದೆ, ಆಟೋ ಸಿಗುತ್ತದೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ, ಯಕ್ಷಗಾನದ ಆಟಗಳೂ ನಡೆಯುತ್ತಿರುತ್ತವೆ. ಮಾರ್ಚ್ ಬಂದರೆ ಸೆಕೆ ಜೋರು. ಆದರೆ ಹೋಳಿಯ ಆಸುಪಾಸಿನಲ್ಲಿ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಸುಗ್ಗಿ ಕುಣಿತ ಇರುತ್ತದೆ, ಮಾರುಕಟ್ಟೆಗೆ ಉಪ್ಪಿನಕಾಯಿಯ ಅಪ್ಪೆಮಿಡಿ ಬರುತ್ತದೆ. ಈ ಎರಡರಲ್ಲಿ ಒಂದರ ಆಸೆಯಿದ್ದರೂ ಸೆಕೆ ತಡೆದುಕೊಂಡು ಬನ್ನಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಕಡಲಿಗೆ ಇಳಿಯುವಂತಿಲ್ಲ, ದೋಣಿವಿಹಾರ ನಿಂತಿರುತ್ತದೆ. ಹೆದ್ದಾರಿಯ ಪಕ್ಕದ ಗುಡ್ಡಗಳು ಕುಸಿಯುವ ಭಯವೂ ಇದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜನ, ಲಾರಿಗಳು ಗಂಗಾವಳಿ ನದಿಯ ಪಾಲಾದದ್ದನ್ನು ಜಿಲ್ಲೆಯ ಯಾರೂ ಮರೆತಿಲ್ಲ. ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟ ದಿನ ಪ್ರಯಾಣ ಮುಂದೂಡಿ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮಾತ್ರ ಈ ಸೀಮೆಯ ಹಸಿರಿಗೆ ಸಾಟಿಯಿಲ್ಲ.

ಊರು ಅಷ್ಟು ಹಳೆಯದೇ? ಏನು ನಡೆದಿತ್ತು ಇಲ್ಲಿ?

ಇದಕ್ಕೆ ಉತ್ತರ ಸ್ವಲ್ಪ ಉದ್ದ.

1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಆಗ ಇಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ ಇದ್ದ. ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದೂ ಹುಡುಗಿಯರಿಗೆ ಇಂಥ ವ್ಯವಸ್ಥೆಯನ್ನು ಬೇರೆಲ್ಲೂ ನೋಡಿಲ್ಲವೆಂದೂ ಅವನು ದಾಖಲಿಸಿದ್ದಾನೆ. ಜಗತ್ತಿನ ಅರ್ಧ ತಿರುಗಿದ ಮನುಷ್ಯನ ಮಾತು ಇದು. ಊರಿನ ಶಾಲೆಗಳಲ್ಲಿ ಈ ಸಂಗತಿಯನ್ನು ಮಕ್ಕಳಿಗೆ ಹೇಳಿಕೊಡಬೇಕು ಎಂಬುದು ನನ್ನ ಬಹುದಿನಗಳ ಆಸೆ.

ಮುಂದೆ ವಿಜಯನಗರದ ಕಾಲದಲ್ಲಿ ಈ ಬಂದರಿನಿಂದ ಕಾಳುಮೆಣಸು, ಅಕ್ಕಿ ಹೊರಗೆ ಹೋಗುತ್ತಿದ್ದವು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ದಾಳಿ ಮಾಡಿ ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟ. ಅದಾಗಿ ಐದೇ ವರ್ಷಕ್ಕೆ, 1510ರಲ್ಲಿ, ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನಿಗೆ ಸಲಹೆ ಕೊಟ್ಟು ಜೊತೆಗೆ ಹಡಗು ಒಯ್ದವನು ಇದೇ ಹೊನ್ನಾವರದ ನೌಕಾಧಿಪತಿ ತಿಮ್ಮೋಜ. ಗೋವೆಯ ನಾಲ್ಕೂವರೆ ಶತಮಾನಗಳ ಪೋರ್ಚುಗೀಸ್ ಆಳ್ವಿಕೆಯ ಮೊದಲ ಪುಟದಲ್ಲಿ ನಮ್ಮ ಈ ಸಣ್ಣ ಊರಿನವನ ಹೆಸರಿದೆ. 1569ರಲ್ಲಿ ಹೊನ್ನಾವರವೇ ಪೋರ್ಚುಗೀಸರ ಕೈಸೇರಿತು. ನಂತರ ಕೆಳದಿಯ ನಾಯಕರು, ಹೈದರ್ ಅಲಿ, ಟಿಪ್ಪು. 1783ರಲ್ಲಿ ಇಂಗ್ಲಿಷರು ಕೋಟೆ ಹಿಡಿದರು, ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1784ರ ಮಂಗಳೂರು ಒಪ್ಪಂದದಂತೆ ಊರು ಟಿಪ್ಪುವಿಗೆ ಮರಳಿ, 1799ರ ನಂತರ ಕಂಪನಿಯದಾಯಿತು.

ಹಾಗಾದರೆ ಆ ಕೋಟೆ ಎಲ್ಲಿದೆ?

ಪೇಟೆಯಲ್ಲಿ ಹೇಳಿಕೊಳ್ಳುವಷ್ಟು ಉಳಿದಿಲ್ಲ. ಕೋಟೆಯನ್ನೇ ನೋಡಬೇಕೆನ್ನುವವರು ಕುಮಟಾ ದಾಟಿ ಮಿರ್ಜಾನಿಗೆ ಹೋಗಬೇಕು. ಹೆದ್ದಾರಿಯ ಪಕ್ಕದಲ್ಲೇ ಇದೆ. ಕೆಂಪುಕಲ್ಲಿನ ಬುರುಜು, ಕಂದಕ, ಬಾವಿಗಳು ಚೆನ್ನಾಗಿ ಉಳಿದಿವೆ.

ಸಮುದ್ರದ ನಡುವಿನ ಬಸವರಾಜದುರ್ಗಕ್ಕೆ ಹೋಗಬಹುದೇ?

ಪಾವಿನಕುರ್ವಾದ ದಂಡೆಯಲ್ಲಿ ನಿಂತರೆ ಕಡಲಿನಲ್ಲಿ ನೆತ್ತಿ ಚಪ್ಪಟೆಯಾದ ಒಂದು ನಡುಗಡ್ಡೆ ಕಾಣುತ್ತದೆ. ಅದೇ ಬಸವರಾಜದುರ್ಗ. ಕೆಳದಿಯ ಅರಸರು ಸುತ್ತಲೂ ಕೆಂಪುಕಲ್ಲಿನ ಗೋಡೆ ಕಟ್ಟಿಸಿ ಅದನ್ನು ಜಲದುರ್ಗ ಮಾಡಿದರು. ಅಲ್ಲಿಗೆ ದಿನನಿತ್ಯದ ದೋಣಿ ಸೇವೆ ಇಲ್ಲ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ, ಅನುಮತಿ ಮತ್ತು ಸುರಕ್ಷತೆಯ ಬಗ್ಗೆ ಮೊದಲು ವಿಚಾರಿಸಿ, ಅನುಭವಿ ಮೀನುಗಾರರ ಜೊತೆಗಷ್ಟೇ ಹೋಗಬೇಕು. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ. ಕುಡಿಯುವ ನೀರು, ಬಿಸಿಲಿಗೆ ಟೋಪಿ, ಬಂಡೆಯ ಮೇಲೆ ಜಾರದ ಚಪ್ಪಲಿ ಬೇಕು. ಹೋಗಲಾಗದಿದ್ದರೆ ಬೇಸರ ಬೇಡ. ಪಾವಿನಕುರ್ವಾದ ದಂಡೆಯೇ ಸಂಜೆ ಕೂರಲು ಬಹಳ ಚೆನ್ನಾಗಿದೆ, ಜನಸಂದಣಿಯೂ ಇಲ್ಲ.

ಶರಾವತಿಯಲ್ಲಿ ದೋಣಿವಿಹಾರ ಹೇಗಿರುತ್ತದೆ? ಯಾವ ಹೊತ್ತಿಗೆ ಹೋಗಬೇಕು?

ಬೆಳಿಗ್ಗೆ ಬೇಗ, ಇಲ್ಲವೇ ನಾಲ್ಕು ಗಂಟೆಯ ನಂತರ. ನಡು ಹಗಲಿನಲ್ಲಿ ನೀರಿನ ಮೇಲಿನ ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ದೋಣಿಗಳು ಸೇತುವೆಯ ಹತ್ತಿರದಿಂದ ಹೊರಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುದಾರಿಗಳಲ್ಲಿ ಸುತ್ತಿಸುತ್ತವೆ. ದೊಡ್ಡ ಯಂತ್ರದೋಣಿಗಿಂತ ಸಣ್ಣ ದೋಣಿ ಕೇಳಿ ಪಡೆಯಿರಿ. ಸದ್ದು ಕಡಿಮೆಯಾದಷ್ಟೂ ಹಕ್ಕಿಗಳು ಹೆಚ್ಚು ಕಾಣುತ್ತವೆ. ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ ಖಂಡಿತ ಸಿಗುತ್ತವೆ. ನದಿಯೊಳಗೆ ಮಾವಿನಕುರ್ವಾದಂಥ ದ್ವೀಪಗಳಿವೆ. ತೆಂಗು, ಅಡಿಕೆ, ಮನೆ, ಶಾಲೆ ಎಲ್ಲವೂ ಇರುವ ಜನವಸತಿಯ ಹಳ್ಳಿಗಳು ಅವು. ಹಾಗಾಗಿ ದಡದಲ್ಲಿ ಬಟ್ಟೆ ಒಗೆಯುವವರ, ಸ್ನಾನ ಮಾಡುವವರ ಚಿತ್ರ ಹಿಡಿಯಬೇಡಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಹೊರಟಾಗ ಹೊನ್ನಾವರದಿಂದ ಗೇರುಸೊಪ್ಪದವರೆಗೆ ಹೋದದ್ದು ಇದೇ ನದಿಯಲ್ಲಿ, ದೋಣಿಯ ಮೇಲೆ. ತಾನು ಕಂಡ ಅತ್ಯಂತ ಚೆಲುವಾದ ನದಿಗಳ ಸಾಲಿಗೆ ಅವನು ಇದನ್ನು ಸೇರಿಸಿದ್ದಾನೆ.

ಒಂದು ಮಾತು ದೋಣಿಯವರು ಹೇಳದಿದ್ದರೆ ನಾನು ಹೇಳಬೇಕು. ಮೇಲಿನ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಕಡಿಮೆಯಾಗಿದೆ. ಉಪ್ಪುನೀರನ್ನು ನಂಬಿದ ಚಿಪ್ಪುಜೀವಿಗಳು, ಹಲವು ಬಗೆಯ ಮೀನುಗಳು ಇಲ್ಲಿ ಕ್ಷೀಣಿಸಿವೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟು ಇಲ್ಲದ ಕಾರಣ ಅಲ್ಲಿ ಬಳಚು ಎಂಬ ಚಿಪ್ಪುಜೀವಿ ಇನ್ನೂ ಹೇರಳ. ಈಗ ಗೇರುಸೊಪ್ಪ ಜಲಾಶಯದ ನೀರನ್ನೇ ಮೇಲೆತ್ತಿ 2,000 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆಯ ಮಾತು ನಡೆದಿದೆ, ಕಣಿವೆಯ ಜನ ವಿರೋಧಿಸುತ್ತಿದ್ದಾರೆ. ಚೆಂದವೆಂದು ನೋಡಿ ಹೋಗುವ ನದಿಗೆ ಏನಾಗುತ್ತಿದೆ ಎಂಬುದು ನೋಡುವವರಿಗೂ ತಿಳಿದಿರಲಿ.

ಕಾಂಡ್ಲಾ ನಡಿಗೆ ಎಂದರೇನು?

ಅರಣ್ಯ ಇಲಾಖೆ ಕಾಸರಕೋಡದ ಕಡೆ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದೆ. ಕೆಸರಿಗೆ ಇಳಿಯದೆಯೇ ಕಾಡಿನ ಒಳಗೆ ನಡೆಯಬಹುದು. ಸುಮ್ಮನೆ ನಡೆದು ಹೋದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನಿಂತು ನೋಡಿದರೆ ಒಂದು ಗಂಟೆಯೂ ಸಾಲದು. ಇಳಿತದ ಹೊತ್ತಿಗೆ ಹೋಗಿ. ನೀರು ಹಿಂದೆ ಸರಿದಾಗ ಕಾಂಡದಿಂದ ಇಳಿಬಿದ್ದು ಕೆಸರಿಗೆ ನಾಟಿಕೊಂಡ ಬೇರುಗಳು, ಉಸಿರಾಡಲೆಂದು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳು, ಅವುಗಳ ಬುಡದಲ್ಲಿ ಒಂದೇ ಚಿಮ್ಮಟ ಬೀಸುತ್ತ ಓಡಾಡುವ ಏಡಿಗಳು ಕಾಣುತ್ತವೆ. ಕೆಲವು ಜಾತಿಯ ಕಾಂಡ್ಲಾದಲ್ಲಿ ಬೀಜ ಮರದ ಮೇಲಿರುವಾಗಲೇ ಮೊಳೆತು, ಗೇಣುದ್ದದ ಹಸಿರು ಕೋಡು ತೂಗಾಡುತ್ತಿರುತ್ತದೆ. ಬಿದ್ದಾಗ ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡರೆ ಅಲ್ಲೇ ಗಿಡ. ನೀರಿಗೆ ಬಿದ್ದರೆ ತೇಲುತ್ತ ಹೋಗಿ ಎಲ್ಲಿ ನೆಲ ಸಿಕ್ಕೀತೋ ಅಲ್ಲಿ ಬೇರು ಬಿಡುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ. ಮರಿಮೀನು, ಸಿಗಡಿಗಳು ಬೆಳೆಯುವುದು ಈ ಬೇರುಗಳ ಮರೆಯಲ್ಲೇ ಎಂದೂ ಹೇಳಿ.

ಕಾಸರಕೋಡದ ಬೀಚ್‌ನಲ್ಲಿ ಈಜಬಹುದೇ?

ಕಾಸರಕೋಡದ ಇಕೋ ಬೀಚ್ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ ಮೊದಲ ಎಂಟು ಕಡಲತೀರಗಳಲ್ಲಿ ಒಂದು. ಕರ್ನಾಟಕದಿಂದ ಆಗ ಆಯ್ಕೆಯಾದ ಇನ್ನೊಂದು ಪಡುಬಿದ್ರಿ. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ಸೇರಿ 33 ಮಾನದಂಡಗಳನ್ನು ಪೂರೈಸಿದರಷ್ಟೇ ಈ ಬಾವುಟ. ಗಾಳಿಮರಗಳ ನೆರಳು, ಸ್ನಾನಗೃಹ, ಮಕ್ಕಳ ಆಟದ ಜಾಗ ಇವೆ. ಪ್ರವೇಶ ಶುಲ್ಕ ಇದೆ, ಕೊಡುವುದಕ್ಕೆ ತಕ್ಕ ಅಚ್ಚುಕಟ್ಟೂ ಇದೆ. ಜೀವರಕ್ಷಕರು ಗುರುತಿಸಿದ ಭಾಗದಲ್ಲಿ, ಅವರು ಇರುವ ಹೊತ್ತಿನಲ್ಲಿ ಮಾತ್ರ ನೀರಿಗಿಳಿಯಿರಿ.

ಅಳಿವೆಯ ಹತ್ತಿರ ಮಾತ್ರ ಯಾವ ಕಾಲದಲ್ಲೂ ಇಳಿಯಬೇಡಿ. ನದಿಯ ಸೆಳವು, ಕಡಲಿನ ಅಲೆ, ಜಾಗ ಬದಲಿಸುತ್ತಲೇ ಇರುವ ಮರಳದಿಬ್ಬ ಮೂರೂ ಸೇರುವ ಜಾಗ ಅದು. ಹುಟ್ಟಿದಾಗಿನಿಂದ ನೀರಿನಲ್ಲೇ ಬೆಳೆದ ಮೀನುಗಾರರೇ ಅಲ್ಲಿ ದೋಣಿ ದಾಟಿಸುವಾಗ ಮೈಯೆಲ್ಲ ಕಣ್ಣಾಗಿರುತ್ತಾರೆ.

ಕಡಲಾಮೆಗಳನ್ನು ನೋಡಲು ಸಿಗುತ್ತದೆಯೇ?

ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಜಾತಿಯ ಆಮೆಗಳು ಕಾಸರಕೋಡ, ಟೊಂಕದ ಮರಳಿನಲ್ಲಿ ಮೊಟ್ಟೆಯಿಡಲು ಬರುತ್ತವೆ. ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಸುಮಾರು ಒಂದೂವರೆ ತಿಂಗಳಿನಿಂದ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ನೀವಾಗಿ ಟಾರ್ಚ್ ಹಿಡಿದು ರಾತ್ರಿ ಹುಡುಕಲು ಹೋಗಬೇಡಿ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ, ಮರಿಗಳಿಗೆ ಕಡಲಿನ ದಿಕ್ಕು ತಪ್ಪುತ್ತದೆ. ಇಲಾಖೆಯವರು ಮರಿ ಬಿಡುವ ದಿನ ಇದ್ದರೆ ಅವರ ಅನುಮತಿ ಪಡೆದು ದೂರದಿಂದ ನೋಡಿ. ಇದೇ ಟೊಂಕದಲ್ಲಿ ವಾಣಿಜ್ಯ ಬಂದರು ಕಟ್ಟುವ ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಅವರು ಕೊಡುವ ಕಾರಣಗಳಲ್ಲಿ ಈ ಆಮೆಗಳೂ ಇವೆ. ನನಗೆ ಅವರ ಮಾತು ಸರಿ ಅನ್ನಿಸುತ್ತದೆ.

ಅಪ್ಸರಕೊಂಡದಲ್ಲಿ ಜಲಪಾತ ದೊಡ್ಡದೇ?

ಸಣ್ಣದು. ಮಳೆ ಮುಗಿದು ಸ್ವಲ್ಪ ಕಾಲ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನೀರು ಚೆನ್ನಾಗಿರುತ್ತದೆ. ಆಮೇಲೆ ಬಂಡೆಯೇ ಹೆಚ್ಚು. ಆದರೂ ಹೋಗಿ. ಕೆಳಗೆ ಕೊಳ, ಪಾಂಡವರ ಹೆಸರಿನ ಗುಹೆಗಳು, ದೇವಸ್ಥಾನ, ಗುಡ್ಡದ ಮೇಲಿನ ಉದ್ಯಾನದಿಂದ ತೆಂಗಿನ ತಲೆಗಳ ಆಚೆ ಉದ್ದಕ್ಕೂ ಕಡಲು. ಪೇಟೆಯಿಂದ ಎಂಟು–ಒಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ತಲುಪಿದರೆ ಕೊಳ ನೋಡಿ ಮೇಲೆ ಬರಲು ಸಮಯ ಸರಿಹೋಗುತ್ತದೆ.

ಇಡಗುಂಜಿಗೆ ಯಾವಾಗ ಹೋಗುವುದು ಒಳ್ಳೆಯದು?

ವಾರದ ನಡುವೆ, ಬೆಳಿಗ್ಗೆ. ಮಂಗಳವಾರ, ಸಂಕಷ್ಟಿ, ಚೌತಿಯ ದಿನಗಳಲ್ಲಿ ಸಾಲು ಬಹಳ ಉದ್ದ. ಇಡಗುಂಜಿಯ ಮಹಾಗಣಪತಿ ಎರಡು ಕೈಗಳ, ನಿಂತ ಭಂಗಿಯ ವಿಗ್ರಹ. ಪಕ್ಕದಲ್ಲಿ ಇಲಿ ಇಲ್ಲ. ಕರಾವಳಿಯ ಅದೆಷ್ಟೋ ಮನೆಗಳಲ್ಲಿ ಮದುವೆಯ ಮಾತು ಶುರುವಾಗುವುದಕ್ಕೆ ಮುನ್ನ ಇಲ್ಲಿಗೆ ಬಂದು ಕೇಳಿಕೊಂಡು ಹೋಗುವ ರೂಢಿಯಿದೆ. ದೇವಸ್ಥಾನದ ದಾರಿಯ ಅಂಗಡಿಗಳಲ್ಲಿ ಲಾವಂಚದ ಬೇರಿನಿಂದ ಮಾಡಿದ ಗಣಪತಿ, ಬೀಸಣಿಗೆ, ಹಾರಗಳು ಸಿಗುತ್ತವೆ. ಮನೆಗೆ ಒಯ್ದು ಸ್ವಲ್ಪ ನೀರು ಚಿಮುಕಿಸಿದರೆ ಕೋಣೆಯೆಲ್ಲ ಪರಿಮಳ.

ಜನಜಂಗುಳಿ ಇಲ್ಲದ ದೇವಸ್ಥಾನಗಳು ಯಾವುವು?

ಪೇಟೆಯ ಹತ್ತಿರವೇ ರಾಮತೀರ್ಥ. ಬೇಸಿಗೆಯಲ್ಲೂ ಬತ್ತದ ನೀರು ಕಲ್ಲಿನ ದೋಣಿಯಿಂದ ಕೊಳಕ್ಕೆ ಬೀಳುತ್ತದೆ. ಅದರ ಕೆಳಗೆ ತಲೆಯೊಡ್ಡಿ ನಿಂತರೆ ಪ್ರಯಾಣದ ದಣಿವೆಲ್ಲ ಇಳಿಯುತ್ತದೆ. ಸಾಬೂನು, ಶಾಂಪೂ ಬಳಸಬೇಡಿ.

ನೀಲ್ಕೋಡ ಬೆಟ್ಟದ ಮೇಲಿನ ಕರಿಕಾನ ಪರಮೇಶ್ವರಿ ಇನ್ನೊಂದು. ದಾರಿ ಕಡಿದಾಗಿದೆ, ಮೇಲೆ ದಟ್ಟ ಕಾಡು, ಎದುರು ದೂರದಲ್ಲಿ ಕಡಲು. ನವರಾತ್ರಿಯ ದಿನಗಳನ್ನು ಬಿಟ್ಟರೆ ಬಹುತೇಕ ಪ್ರಶಾಂತ. ಕತ್ತಲಾಗುವ ಮೊದಲು ಇಳಿದುಬಿಡಿ.

ಡಿಸೆಂಬರ್ ಮೊದಲ ವಾರ ಬರುವವರು ಚಂದಾವರಕ್ಕೂ ಹೋಗಬಹುದು. ಡಿಸೆಂಬರ್ 3ರಂದು ಅಲ್ಲಿನ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯ ಹಬ್ಬಕ್ಕೆ ಜಾತಿ ಧರ್ಮ ಎನ್ನದೆ ಸುತ್ತಲಿನ ಊರುಗಳ ಜನ ಹರಕೆ ಹೊತ್ತು ಬರುತ್ತಾರೆ.

ಗೇರುಸೊಪ್ಪದ ಚತುರ್ಮುಖ ಬಸದಿಗೆ ಹೋಗುವಷ್ಟು ಅದು ಮುಖ್ಯವೇ?

ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಬಿಡಬಾರದ ಜಾಗ ಇದೇ. ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್. ನದಿಯ ಆಚೆ, ಕಾಡಿನ ನಡುವಿನ ನಗರಬಸ್ತಿಕೇರಿಯಲ್ಲಿದೆ. ಒಂದು ಕಾಲದ ರಾಜಧಾನಿ. ಸಾಳುವ ವಂಶದ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಇಲ್ಲಿಂದ ಆಳಿದಳು. ಈ ಕಣಿವೆಯ ಮೆಣಸಿನ ವ್ಯಾಪಾರ ಅವಳ ಹಿಡಿತದಲ್ಲಿದ್ದುದರಿಂದ ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಕೊನೆಗೆ ಕೆಳದಿಯವರ ಕೈಯಲ್ಲಿ ಸೋತು ಸೆರೆಯಲ್ಲೇ ತೀರಿಕೊಂಡಳು. ದೆಲ್ಲಾ ವಾಲೆ ಬರುವಷ್ಟರಲ್ಲಿ ಊರು ಹಾಳುಬಿದ್ದು ಗಿಡಮರ ಬೆಳೆದಿದ್ದವು. ರಾಣಿಯ ಆಳ್ವಿಕೆ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಬಸದಿ ಪೂರ್ತಿ ಕಲ್ಲಿನದು. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಒಳಗೆ ಬಂದರೂ ಎದುರಿಗೆ ಕುಳಿತ ತೀರ್ಥಂಕರರೊಬ್ಬರು. ಗರ್ಭಗುಡಿಯಲ್ಲಿ ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕು ನೋಡುತ್ತಿದ್ದಾರೆ. ಒಳಗೆ ಕಾಲಿಟ್ಟ ತಕ್ಷಣ ಹೊರಗಿನ ಸೆಕೆ ಮರೆತುಹೋಗುವಷ್ಟು ತಂಪು. ಕಣ್ಣು ಕತ್ತಲಿಗೆ ಒಗ್ಗುವವರೆಗೆ ನಿಂತಿರಿ, ಆಮೇಲೆ ಒಂದೊಂದಾಗಿ ಕಂಬಗಳ ಕೆತ್ತನೆ ತೆರೆದುಕೊಳ್ಳುತ್ತದೆ. ಸುತ್ತಮುತ್ತ ಪಾರ್ಶ್ವನಾಥ, ನೇಮಿನಾಥ, ವರ್ಧಮಾನ ಬಸದಿಗಳು, ಶಾಸನದ ಕಲ್ಲುಗಳು ಇವೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹಗಲಿನಲ್ಲಷ್ಟೇ ಪ್ರವೇಶ. ಹತ್ತಿರ ಹೋಟೆಲುಗಳಿಲ್ಲ. ನೀರು, ತಿಂಡಿ ಒಯ್ಯಿರಿ, ಪೊಟ್ಟಣಗಳನ್ನು ಮರಳಿ ತನ್ನಿ. ಮಳೆಗಾಲದ ಮುಂದೆ ಹಿಂದೆ ಉಂಬಳಗಳ ಕಾಟ ಇರುತ್ತದೆ. ಘಟ್ಟದ ಕಾಡು ಸಿಂಗಳೀಕಗಳ ಅಭಯಾರಣ್ಯವಾದ್ದರಿಂದ ವಾಹನ ನಿಧಾನವಾಗಿ ಓಡಿಸಿ. ಯಾವ ಕೋತಿಗೂ ತಿನಿಸು ಎಸೆಯಬೇಡಿ.

ಯಕ್ಷಗಾನ ನೋಡಬೇಕು. ಎಲ್ಲಿ, ಯಾವಾಗ?

ಹೊನ್ನಾವರ ತಾಲ್ಲೂಕಿಗೆ ಬಂದು ಆಟ ನೋಡದೆ ಹೋಗುವುದುಂಟೇ! ಬಡಗುತಿಟ್ಟು ಎಂಬ ಯಕ್ಷಗಾನ ಶೈಲಿಯ ದಿಗ್ಗಜರನ್ನು ಕೊಟ್ಟ ನೆಲ ಇದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇಂದಿಗೂ ಅದೇ ಮನೆತನದ ಕೈಯಲ್ಲಿ ನಡೆಯುತ್ತಿದೆ. ಅವರ ಮಗ ಶಂಭು ಹೆಗಡೆಯವರ ರಾಮ, ಹರಿಶ್ಚಂದ್ರ ಪಾತ್ರಗಳ ಮಾತು ಇಂದಿಗೂ ಹಿರಿಯ ಪ್ರೇಕ್ಷಕರ ಬಾಯಲ್ಲಿದೆ. ಗುಣವಂತೆಯ ರಂಗಮಂದಿರದಲ್ಲಿ ಅವರ ಹೆಸರಿನ ನಾಟ್ಯೋತ್ಸವ ನಡೆಯುತ್ತದೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ತಾಲ್ಲೂಕಿನವರೇ. ಅವರ ಕೀಚಕ, ಭಸ್ಮಾಸುರ ನೋಡಲು ಜನ ಹತ್ತಾರು ಮೈಲಿ ನಡೆದು ಬರುತ್ತಿದ್ದ ಕಾಲವಿತ್ತು.

ದೀಪಾವಳಿಯ ನಂತರ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮಳೆ ಹಿಡಿಯುವವರೆಗೆ ಒಂದಲ್ಲ ಒಂದು ಊರಿನಲ್ಲಿ ಆಟ ಇರುತ್ತದೆ. ಗುಂಡಬಾಳದ ದೇವಸ್ಥಾನದಲ್ಲಿ ಭಕ್ತರ ಹರಕೆಯ ಆಟಗಳು ನಡೆಯುತ್ತವೆ. ಹೆಚ್ಚಿನ ಆಟಗಳಿಗೆ ಟಿಕೆಟ್ ಇಲ್ಲ. ಬಸ್ ನಿಲ್ದಾಣದ ಗೋಡೆ, ಚಹಾದಂಗಡಿಯ ಫಲಕ, ಆಟೋ ಚಾಲಕರು ಇವರೇ ಮಾಹಿತಿ ಕೇಂದ್ರ. ಇವತ್ತು ಎಲ್ಲಿ ಆಟ ಎಂದು ಕೇಳಿದರೆ ಸಾಕು, ಯಾವ ಪ್ರಸಂಗ, ಭಾಗವತರು ಯಾರು ಎಂಬುದೂ ತಿಳಿಯುತ್ತದೆ.

ಒಂದು ಗಂಟೆ ಮೊದಲೇ ಹೋಗಿ, ಅನುಮತಿ ಕೇಳಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಸಾಲಾಗಿ ಕುಳಿತ ಕಲಾವಿದರು ಕೈಗನ್ನಡಿ ಎದುರಿಟ್ಟುಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಾರೆ. ಹಣೆಯ ನಾಮ ಎಳೆಯುವಾಗ ಉಸಿರು ಬಿಗಿಹಿಡಿದಿರುತ್ತದೆ. ಬಳಿಕ ಮುಂಡಾಸು. ತಲೆಯ ಮೇಲೆ ಅಟ್ಟೆ ಇಟ್ಟು, ಕಪ್ಪು ಕೆಂಪು ಬಟ್ಟೆ ಸುತ್ತಿ, ಅದರ ಮೇಲೆ ಜರಿಯ ಪಟ್ಟಿಯನ್ನು ಓರೆಯಾಗಿ ಒಂದರ ಪಕ್ಕ ಒಂದು ಎಳೆದು ಕಟ್ಟುತ್ತಾರೆ. ಸಡಿಲವಾದರೆ ಕುಣಿಯುವಾಗ ಬಿಚ್ಚಿಹೋಗುತ್ತದೆ, ಬಿಗಿಯಾದರೆ ಬೆಳಗಿನವರೆಗೆ ತಲೆ ಸಿಡಿಯುತ್ತದೆ. ಗೆಜ್ಜೆ ಕಟ್ಟಿ ಎದ್ದು ನಿಂತಾಗ, ಸ್ವಲ್ಪ ಹೊತ್ತಿನ ಮುಂಚೆ ನಿಮ್ಮೊಡನೆ ಚಹಾ ಕುಡಿದವರು ಇವರೇ ಎಂದು ನಂಬುವುದು ಕಷ್ಟ.

ಮಳೆಗಾಲದಲ್ಲಿ ಬಂದರೆ ತಾಳಮದ್ದಳೆ ಕೇಳಿ. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ವಾದವೇ ಎಲ್ಲ.

ಇಡೀ ರಾತ್ರಿ ಕೂರಲು ಆಗದಿದ್ದರೆ?

ಈಗ ಮೂರ್ನಾಲ್ಕು ಗಂಟೆಗಳ ಕಾಲಮಿತಿಯ ಪ್ರದರ್ಶನಗಳು ಬಹಳ ಇವೆ. ಪ್ರಸಂಗದ ಕತೆಯನ್ನು ಮೊದಲೇ ಯಾರಿಂದಲಾದರೂ ಕೇಳಿಕೊಂಡರೆ ಚೆನ್ನಾಗಿ ಸವಿಯಬಹುದು.

ಮೀನೂಟ ಎಲ್ಲಿ ಚೆನ್ನಾಗಿ ಸಿಗುತ್ತದೆ? ಏನು ಕೇಳಬೇಕು?

ಫಲಕ ದೊಡ್ಡದಿರುವ ಹೋಟೆಲಿಗಿಂತ ಮಧ್ಯಾಹ್ನ ಊರಿನ ಕೆಲಸಗಾರರು ಸಾಲಾಗಿ ಕುಳಿತು ಉಣ್ಣುವ ಸಣ್ಣ ಖಾನಾವಳಿ ನೋಡಿ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ತಾರ್ಲೆ ಹುರಿದದ್ದು ಕೇಳಿ. ಬಂಗಡೆಯ ಸಾರಿಗೆ ಇಲ್ಲಿ ಜುಮ್ಮನಕಾಯಿ ಹಾಕುತ್ತಾರೆ. ಮೊದಲ ತುತ್ತಿಗೇ ನಾಲಿಗೆಯ ತುದಿ ಚುಮುಗುಡುತ್ತದೆ, ಅದೇ ಅದರ ಗುಣ. ಸಿಗಡಿಗೆ ಇಲ್ಲಿ ಶೆಟ್ಲಿ ಎನ್ನುತ್ತಾರೆ, ಕಾಣೆ ಮೀನಿಗೆ ನೊಗ್ಲಿ. ಬಳಚಿನ ಸುಕ್ಕಾ ಸಿಕ್ಕರೆ ಬಿಡಬೇಡಿ. ಊಟದ ಕೊನೆಗೆ ಮುರುಗಲು ಹಣ್ಣಿನ ಕಡಿ ಕುಡಿದರೆ ಹೊಟ್ಟೆಗೆ ಹಿತ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನುಗಳು ಮೊಟ್ಟೆಯಿಡುವ ಕಾಲ ಅದು. ಆಗ ಸಿಗುವುದು ನಾಡದೋಣಿಯ ಮೀನು, ಹೊಳೆಮೀನು, ಒಣಮೀನು. ದರ ಹೆಚ್ಚಿದ್ದರೆ ಚೌಕಾಶಿ ಮಾಡದೆ ಕೊಡಿ.

ಸಸ್ಯಾಹಾರಿಗಳಿಗೆ?

ಯೋಚನೆಯೇ ಬೇಡ. ಹವ್ಯಕರ ಅಡುಗೆ ಈ ತಾಲ್ಲೂಕಿನ ಇನ್ನೊಂದು ಸಂಪತ್ತು. ತಂಬುಳಿ, ಅಪ್ಪೆಹುಳಿ, ಹಶಿ, ಹಲಸಿನ ಕಾಲದಲ್ಲಿ ಕೊಟ್ಟೆ ಕಡುಬು. ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಮೊದಲೇ ಹೇಳಿದರೆ ತೊಡೆದೇವು ಮಾಡುವುದನ್ನು ನೋಡಲೂ ಸಿಗಬಹುದು. ಒಲೆಯ ಮೇಲೆ ಗಡಿಗೆಯನ್ನು ಕವುಚಿ ಇಟ್ಟು, ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ, ಅದರ ಮೈಮೇಲೆ ಒಮ್ಮೆ ಎಳೆಯುತ್ತಾರೆ. ಕಾಗದದಷ್ಟು ತೆಳ್ಳಗಿನ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ಮಡಿಸಬೇಕು, ಒಂದು ಕ್ಷಣ ತಡವಾದರೆ ಪುಡಿಯಾಗುತ್ತದೆ.

ಊರಿಗೆ ಏನು ಕೊಂಡೊಯ್ಯಬಹುದು?

ಲಾವಂಚದ ಸಾಮಾನು, ಮುರುಗಲಿನ ಸಿಪ್ಪೆ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೇನು. ಎಲೆ ಅಡಿಕೆ ಹಾಕುವ ಹಿರಿಯರು ಮನೆಯಲ್ಲಿದ್ದರೆ ಹೊನ್ನಾವರದ ವೀಳ್ಯದೆಲೆ ಒಂದು ಕಟ್ಟು. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದರೆ ಬಾಡುವುದಿಲ್ಲ.

ಉಳಿಯಲು ಪೇಟೆಯೇ, ಹಳ್ಳಿಯೇ?

ಬಸ್ಸಿನಲ್ಲಿ ಓಡಾಡುವವರಿಗೆ ಪೇಟೆಯ ವಸತಿಗೃಹಗಳು ಅನುಕೂಲ. ಸ್ವಂತ ವಾಹನವಿದ್ದರೆ ನದಿದಂಡೆಯ ಅಥವಾ ತೋಟದ ನಡುವಿನ ಹೋಮ್‌ಸ್ಟೇಯಲ್ಲಿ ಉಳಿಯಿರಿ. ರಾತ್ರಿ ಊಟ ಬೇಕಿದ್ದರೆ ಮಧ್ಯಾಹ್ನದೊಳಗೆ ತಿಳಿಸಿ. ಒಳಹಳ್ಳಿಗಳಲ್ಲಿ ಮೊಬೈಲ್ ಸಂಕೇತ ಕೆಲವೆಡೆ ಸಿಗುವುದಿಲ್ಲ, ಸ್ವಲ್ಪ ನಗದು ಇಟ್ಟುಕೊಂಡಿರಿ.

ವಯಸ್ಸಾದವರು ಜೊತೆಗಿದ್ದರೆ?

ಇಕೋ ಬೀಚ್, ಕಾಂಡ್ಲಾ ನಡಿಗೆ, ಇಡಗುಂಜಿ ಸುಲಭ. ಅಪ್ಸರಕೊಂಡದಲ್ಲಿ ಮೇಲಿನ ಉದ್ಯಾನದಲ್ಲೇ ಕೂರಿಸಿ, ಕೆಳಗಿನ ಮೆಟ್ಟಿಲುಗಳು ಬೇಡ. ಕರಿಕಾನಕ್ಕೆ ವಾಹನ ಮೇಲಿನವರೆಗೆ ಹೋಗುತ್ತದೆ, ತಿರುವುಗಳಲ್ಲಿ ಚಾಲಕನಿಗೆ ಅಭ್ಯಾಸ ಇರಬೇಕು.

ಇದೇ ಪ್ರವಾಸದಲ್ಲಿ ಜೋಗವನ್ನೂ ಸೇರಿಸಬಹುದೇ?

ಖಂಡಿತ. ಜೋಗ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಆರೂವರೆಗೆ ಹೊರಟು ಮೊದಲು ಜೋಗ ನೋಡಿ, ಇಳಿಯುವಾಗ ಗೇರುಸೊಪ್ಪದ ಬಸದಿಗೆ ತಿರುಗಿ, ಸಂಜೆಯ ದೋಣಿಗೆ ಹೊನ್ನಾವರ ಸೇರಬಹುದು. ಮೇಲೆ ಧುಮುಕುವ ನೀರು, ನಡುವೆ ಅಣೆಕಟ್ಟು, ಕೆಳಗೆ ಅಳಿವೆ, ಹೀಗೆ ಒಂದೇ ದಿನದಲ್ಲಿ ನದಿಯ ಜೊತೆಗೇ ಇಳಿದು ಬಂದಂತಾಗುತ್ತದೆ. ಮುರ್ಡೇಶ್ವರವನ್ನು ಆ ದಿನಕ್ಕೆ ತುರುಕಬೇಡಿ. ಅದು 27 ಕಿಲೋಮೀಟರ್ ದಕ್ಷಿಣಕ್ಕಿದೆ, ಮರುದಿನ ಅಪ್ಸರಕೊಂಡ, ಇಡಗುಂಜಿಗಳ ಜೊತೆ ಒಂದೇ ದಾರಿಯಲ್ಲಿ ಆಗುತ್ತದೆ. ಘಟ್ಟದ ರಸ್ತೆಯಲ್ಲಿ ಲಾರಿಗಳು ಹೆಚ್ಚು, ವಾಂತಿ ಬರುವವರಿದ್ದರೆ ಬೆಳಗಿನ ತಿಂಡಿಯನ್ನು ಜೋಗ ತಲುಪಿದ ಮೇಲೆಯೇ ಇಟ್ಟುಕೊಳ್ಳಿ.